ಲೂಪ್‌ಬ್ಯಾಕ್ ಪಾಸ್, ಲಿಂಕ್ ಫೇಲ್: ಕ್ಲಾಕ್ ವೈರ್ ಇಲ್ಲದೆ ಎರಡು ಬೋರ್ಡ್ ಜೋಡಿಸುವುದು ಹೇಗೆ?

ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಒಂದೇ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಬೋರ್ಡಿನಲ್ಲಿ ಲೂಪ್‌ಬ್ಯಾಕ್ ಕೊಟ್ಟರೆ, ಅಂದರೆ ಕಳಿಸಿದ್ದನ್ನು ಅದೇ ಬೋರ್ಡಿಗೆ ವಾಪಸ್ ತಂದರೆ, ಡೇಟಾ ಚೆನ್ನಾಗಿ ಬರುತ್ತದೆ, ಎರಡು ಬೋರ್ಡ್ ನಡುವೆ ಫೈಬರ್ ಹಾಕಿದರೆ ಬರೀ ಎರರ್. ಆಮೇಲೆ ಸುಮ್ನೆ ಕೇಬಲ್ ಬದಲಿಸುತ್ತಾ ಕೂರುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಕ್ಲಾಕ್‌ನಲ್ಲಿ, ಅಂದರೆ ಪ್ರತಿ ಬಿಟ್ಟನ್ನು ಯಾವಾಗ ಓದಬೇಕು ಅಂತ ತಾಳ ಹಾಕುವ ಸಿಗ್ನಲ್‌ನಲ್ಲಿ.

1. ಕೋಡಿಂಗ್: 8ಬಿ/10ಬಿ ಹಾಕಿ. 8 ಬಿಟ್ 10 ಆಗುತ್ತದೆ, ಆದರೆ ಸತತವಾಗಿ 5ಕ್ಕಿಂತ ಜಾಸ್ತಿ ಸೊನ್ನೆ ಅಥವಾ ಒಂದು ಬರುವುದಿಲ್ಲ. 10 ಗಿಗಾಬಿಟ್ ಈಥರ್ನೆಟ್‌ನ 64ಬಿ/66ಬಿ ಆಮೇಲೆ ಕಲಿತರಾಯಿತು.

2. ರೆಫರೆನ್ಸ್ ಕ್ಲಾಕ್: ಬೋರ್ಡಿನ ಒಳ್ಳೆಯ ಆಸಿಲೇಟರ್‌ನಿಂದ (ಕ್ಲಾಕ್ ಹುಟ್ಟಿಸುವ ಭಾಗ) ಟ್ರಾನ್ಸೀವರ್‌ನ (ಬಿಟ್ ಕಳಿಸಿ ಪಡೆಯುವ ಭಾಗ) ಮೀಸಲು ಪಿನ್‌ಗೇ ಕೊಡಿ. ಜಂಪರ್ ವೈರಿನಲ್ಲಿ ಸಿಕ್ಕಿಸುವ ಅಗ್ಗದ ಮಾಡ್ಯೂಲ್ ಬೇಡವೇ ಬೇಡ, ಅದರ ಜಿಟ್ಟರ್ (ಕ್ಲಾಕ್‌ನ ಅಂಚು ಸಮಯಕ್ಕೆ ಸರಿಯಾಗಿ ಬರದೆ ನಡುಗುವುದು) ಇಡೀ ಲಿಂಕ್ ಕೆಡಿಸುತ್ತದೆ.

3. ಕ್ಲಾಕ್ ರಿಕವರಿ: ಎಲ್ಲರೂ ಎಡವುವುದು ಇಲ್ಲೇ. ಕ್ಲಾಕ್‌ಗೆ ಬೇರೆ ವೈರ್ ಇಲ್ಲ, ಅಲ್ವಾ? ಹಾಗಾಗಿ ರಿಸೀವರ್ ಡೇಟಾದ ಅಂಚುಗಳನ್ನೇ (ಸೊನ್ನೆ ಒಂದಾಗುವ, ಒಂದು ಸೊನ್ನೆಯಾಗುವ ಜಾಗ) ನೋಡಿ, ತನ್ನ ಕ್ಲಾಕ್ ಮುಂದಿದೆಯೋ ಹಿಂದಿದೆಯೋ ಅಂತ ತಿದ್ದಿಕೊಂಡು, ಪ್ರತಿ ಬಿಟ್ಟನ್ನು ನಡುವಿನಲ್ಲಿ ಓದುತ್ತದೆ. ಅಂಚು ಬರದಿದ್ದರೆ ತಿದ್ದಲು ಏನೂ ಇಲ್ಲ, 8ಬಿ/10ಬಿ ಬೇಕಾದದ್ದೇ ಅದಕ್ಕೆ. ಹೀಗೆ ಸಿಕ್ಕ ಕ್ಲಾಕ್ ಕಳಿಸುವ ಬೋರ್ಡಿನದು, ನಿಮ್ಮದಲ್ಲ. 1.25 ಗಿಗಾಬಿಟ್ ಲಿಂಕ್‌ನಲ್ಲಿ 10 ಬಿಟ್‌ಗೆ ಒಂದು ವರ್ಡ್ ಅಂದರೆ ಅದು 125 ಮೆಗಾಹರ್ಟ್ಸ್, ನಿಮ್ಮ ಬೋರ್ಡಿನದೂ 125, ಎರಡೂ ಒಂದೇ ಅಂದುಕೊಂಡು ಲೋಕಲ್ ಕ್ಲಾಕ್‌ನಲ್ಲಿ ಓದಿಬಿಡುತ್ತಾರೆ. ಒಂದೊಂದು ಬೋರ್ಡಿನ ಕ್ರಿಸ್ಟಲ್ (ಆಸಿಲೇಟರ್‌ನ ವೇಗ ನಿರ್ಧರಿಸುವ ಹರಳು) 100 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 100 ಭಾಗ, ಆಚೀಚೆ ಇದ್ದರೂ ವ್ಯತ್ಯಾಸ 200 ಪಿಪಿಎಂ ತನಕ ಹೋಗಬಹುದು. ಆಗ 5000 ವರ್ಡ್‌ಗೆ ಒಂದು, ಅಂದರೆ ಪ್ರತಿ 40 ಮೈಕ್ರೋಸೆಕೆಂಡಿಗೆ ಒಂದು ವರ್ಡ್ ಕಳೆದುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಲೂಪ್‌ಬ್ಯಾಕ್‌ನಲ್ಲಿ ಕ್ರಿಸ್ಟಲ್ ಒಂದೇ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಪರಿಹಾರ ಇದು: ರಿಕವರ್ಡ್ ಕ್ಲಾಕ್‌ನಲ್ಲಿ (ಡೇಟಾದಿಂದ ಸಿಕ್ಕ ಕ್ಲಾಕ್) ಫೈಫೋಗೆ (ಮೊದಲು ಬಂದದ್ದನ್ನು ಮೊದಲು ಕೊಡುವ ಸಾಲು-ಮೆಮೊರಿ) ಬರೆಯಿರಿ, ಲೋಕಲ್ ಕ್ಲಾಕ್‌ನಲ್ಲಿ ಓದಿ. ಪ್ಯಾಕೆಟ್ ನಡುವೆ ಐಡಲ್ (ಡೇಟಾ ಇಲ್ಲದ ಖಾಲಿ ವರ್ಡ್) ಕಳಿಸಿ, ರಿಸೀವರ್‌ನಲ್ಲಿ ಫೈಫೋ ತುಂಬುತ್ತಿದ್ದರೆ ಒಂದು ಐಡಲ್ ತೆಗೆದುಹಾಕಿ, ಖಾಲಿಯಾಗುತ್ತಿದ್ದರೆ ಒಂದು ಸೇರಿಸಿ. ಡೇಟಾ ಬಸ್‌ಗೆ (ಒಟ್ಟಿಗೆ ಸಾಗುವ ಬಿಟ್‌ಗಳ ತಂತಿಗಳು) ಎರಡು ಫ್ಲಿಪ್‌ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಹಾಕಿ ಒಂದು ಕ್ಲಾಕ್‌ನಿಂದ ಇನ್ನೊಂದಕ್ಕೆ ದಾಟಿಸುವ ಶಾರ್ಟ್‌ಕಟ್ ನಡೆಯುವುದಿಲ್ಲ, ಬಿಟ್‌ಗಳು ಬೇರೆ ಬೇರೆ ಸೈಕಲ್‌ನಲ್ಲಿ ಬಂದುಬಿಡುತ್ತವೆ.

ಲಾಕ್ ಸಿಗ್ನಲ್ (ಕ್ಲಾಕ್ ಹಿಡಿದಾಯಿತು ಅಂತ ಟ್ರಾನ್ಸೀವರ್ ಕೊಡುವ ಸೂಚನೆ) ಒಂದನ್ನೇ ನಂಬಬೇಡಿ. ಕೇಬಲ್ ಕಿತ್ತರೂ ಕೆಲವು ಟ್ರಾನ್ಸೀವರ್‌ಗಳು ರೆಫರೆನ್ಸ್‌ಗೆ ಲಾಕ್ ಆಗಿ ಸುಮ್ಮನಿರುತ್ತವೆ. ತಪ್ಪು ಕೋಡ್ ಎಷ್ಟು ಬಂತು, ಡಿಸ್ಪ್ಯಾರಿಟಿ (ಸೊನ್ನೆ, ಒಂದುಗಳ ಸಮತೋಲನ) ಎರರ್ ಎಷ್ಟು ಅಂತ ಕೌಂಟರ್ ಇಟ್ಟು ನೋಡಿ.

4. ಅಲೈನ್‌ಮೆಂಟ್: 8ಬಿ/10ಬಿಯ ವಿಶೇಷ ಗುರುತು-ಕೋಡ್ ಕೆ28.5 ಕಳಿಸಿ, ವರ್ಡ್ ಎಲ್ಲಿ ಶುರು ಅಂತ ರಿಸೀವರ್ ಕಂಡುಕೊಳ್ಳುತ್ತದೆ.

5. ಪರೀಕ್ಷೆ: ಬೇರೆ ಬೇರೆ ಕ್ರಿಸ್ಟಲ್ ಇರುವ ಎರಡು ಬೋರ್ಡ್‌ನಲ್ಲೇ ಮಾಡಿ. ಈ ವೇಗದಲ್ಲಿ ಒಂದೂ ಎರರ್ ಇಲ್ಲದೆ 40 ನಿಮಿಷ ಓಡಿದರೆ, ಲಕ್ಷ ಕೋಟಿ ಬಿಟ್‌ಗೆ ಒಂದಕ್ಕಿಂತ ಕಡಿಮೆ ಎರರ್ ಅಂತ 95% ಭರವಸೆಯಿಂದ ರಿಪೋರ್ಟ್‌ನಲ್ಲಿ ಬರೆಯಬಹುದು.