ರಟ್ಟಿನ ಟಾರ್ಗೆಟ್, ಮರದ ಸ್ಟ್ಯಾಂಡ್: ನಾನು ಕಟ್ಟುವ ಕ್ರಮ

ಅಭ್ಯಾಸದ ಸ್ಟ್ಯಾಂಡ್ ಕಟ್ಟುವ ಮೊದಲು ಒಂದು ತೀರ್ಮಾನ ಆಗಿರಬೇಕು: ಗುಂಡು ಯಾವುದನ್ನು ಹಾಳುಮಾಡಬಹುದು, ಯಾವುದನ್ನು ಮಾಡಬಾರದು? ಎಷ್ಟೇ ಪಳಗಿದ ಕೈಯಾದರೂ ಒಂದಲ್ಲ ಒಂದು ದಿನ ಗುಂಡು ಸ್ಟ್ಯಾಂಡಿಗೆ ಬಡಿದೇ ಬಡಿಯುತ್ತದೆ. ನನ್ನ ಲೆಕ್ಕದಲ್ಲಿ ರಟ್ಟು ಹೋಗಲಿ, ರಟ್ಟನ್ನು ಹಿಡಿದ ರೀಪು ಹೋಗಲಿ, ಬುಡ ಮಾತ್ರ ವರ್ಷಗಟ್ಟಲೆ ಉಳಿಯಲಿ. ಕೆಳಗಿನ ಅಳತೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತಿವೆ. ಇವು ಐಪಿಎಸ್‌ಸಿ (ಪ್ರಾಕ್ಟಿಕಲ್ ಶೂಟಿಂಗ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ) ಮಾದರಿಯ ಪಿಸ್ತೂಲು ಅಭ್ಯಾಸಕ್ಕೆ ಹೊಂದುವಂಥವು. ಎಂಟು ಮೂಲೆಯ ಆ ಟಾರ್ಗೆಟ್ಟಿನ ಅಗಲ ಸುಮಾರು 45 ಸೆಂ.ಮೀ., ಎತ್ತರ 57 ಸೆಂ.ಮೀ.

ರಟ್ಟು ಮೂರು ಪದರದ್ದಾದರೆ ಸಾಕು: ಎರಡು ಕಡೆ ಕಾಗದ, ನಡುವೆ ಒಂದು ಸುಕ್ಕಿನ ಪದರ, ಒಟ್ಟು ದಪ್ಪ 3ರಿಂದ 4 ಮಿ.ಮೀ. ಐದು ಪದರದ ದಪ್ಪ ರಟ್ಟು ಗಟ್ಟಿಯೇನೋ ಹೌದು, ಆದರೆ ಅದರಲ್ಲಿ ತೂತಿನ ಅಂಚು ಒಳಕ್ಕೆ ಕುಸಿಯುವುದರಿಂದ ಅಂಕದ ಗೆರೆಯ ಹತ್ತಿರ ಬಿದ್ದ ಗುಂಡನ್ನು ಓದುವುದು ಕಷ್ಟ. ರಟ್ಟನ್ನು ಕತ್ತರಿಸುವಾಗ ಒಳಗಿನ ಸುಕ್ಕುಗಳು ಮೇಲಿಂದ ಕೆಳಕ್ಕೆ ಬರುವಂತೆ ಇಟ್ಟುಕೊಳ್ಳಬೇಕು. ಸುಕ್ಕಿನ ದಿಕ್ಕಿಗೆ ಸಮನಾಗಿ ರಟ್ಟು ಸುಲಭವಾಗಿ ಮಡಚುತ್ತದೆ, ಅಡ್ಡಲಾಗಿ ಮಡಚುವುದಿಲ್ಲ. ಸುಕ್ಕು ನೆಟ್ಟಗಿದ್ದರೆ ರೀಪಿನ ಮೇಲೆ ಚಾಚಿಕೊಂಡಿರುವ ತಲೆಭಾಗ ಗಾಳಿಗೆ ಬಾಗುವುದಿಲ್ಲ. ಪಕ್ಕಕ್ಕೆ ಮಡಚದಂತೆ ತಡೆಯಲು ಎರಡು ಬದಿಯ ರೀಪುಗಳಿವೆ. ಅಡ್ಡ ಸುಕ್ಕಿನ ಟಾರ್ಗೆಟ್ ತೇವದ ಬೆಳಿಗ್ಗೆ ಅರ್ಧ ಗಂಟೆಯೊಳಗೆ ತಲೆ ತಗ್ಗಿಸುತ್ತದೆ.

ಅಚ್ಚಿಗೆ ಒಂದು ಅಧಿಕೃತ ಟಾರ್ಗೆಟ್ ತೆಗೆದುಕೊಂಡು ಅದರ ಹೊರ ಅಂಚನ್ನೂ ಒಳಗಿನ ಎ, ಸಿ, ಡಿ ಎಂಬ ಅಂಕದ ವಲಯಗಳನ್ನೂ 6 ಮಿ.ಮೀ. ಪ್ಲೈವುಡ್ ಮೇಲೆ ಇಳಿಸಿಕೊಳ್ಳಿ. ವಲಯದ ಮೂಲೆಗಳಲ್ಲಿ 3 ಮಿ.ಮೀ. ತೂತು ಕೊರೆದರೆ ರಟ್ಟಿನ ಮೇಲೆ ಚುಕ್ಕೆ ಗುರುತು ಮಾಡಿ ಸ್ಕೇಲಿನಿಂದ ಜೋಡಿಸಬಹುದು. ಗೆರೆಯನ್ನು ಪೆನ್ನಿನಿಂದ ಎಳೆಯಬೇಡಿ. ವಲಯದ ಗೆರೆ 10 ಮೀಟರಿನಾಚೆ ಕಾಣಬಾರದು ಎಂಬುದು ಐಪಿಎಸ್‌ಸಿ ನಿಯಮ. ಅಭ್ಯಾಸದಲ್ಲಿ ಗೆರೆ ಕಂಡರೆ ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ, ಸ್ಪರ್ಧೆಯ ದಿನ ಖಾಲಿ ಕಂದು ರಟ್ಟಿನ ಎದುರು ತಡವರಿಸುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆದ ಗೆರೆ ಕೈಯಳತೆಯಲ್ಲಿ ಚೆನ್ನಾಗಿ ಕಾಣುತ್ತದೆ, ಶೂಟಿಂಗ್ ದೂರದಿಂದ ಮರೆಯಾಗುತ್ತದೆ. ಒತ್ತುವಾಗ ಮೇಲಿನ ಕಾಗದ ಹರಿಯದಿದ್ದರೆ ಸರಿ.

ಬ್ಲೇಡು ಹೊಸದಾಗಿರಲಿ, ಒಂದೇ ಎಳೆತದಲ್ಲಿ ಕತ್ತರಿಸುವ ಹಟ ಬೇಡ. ಮೊದಲ ಎಳೆತಕ್ಕೆ ಮೇಲಿನ ಕಾಗದ, ಎರಡನೆಯದಕ್ಕೆ ಉಳಿದದ್ದು. ಸುಕ್ಕಿನ ಜೊತೆಗೇ ಕತ್ತರಿಸುವಾಗ ಬ್ಲೇಡು ಸುಕ್ಕಿನ ತೋಡಿಗೆ ಜಾರಿ ಗೆರೆ ಬಿಟ್ಟು ಓಡುತ್ತದೆ. ಅಲ್ಲಿ ಉಕ್ಕಿನ ಸ್ಕೇಲನ್ನು ಟಾರ್ಗೆಟ್ಟಾಗಿ ಉಳಿಯುವ ಭಾಗದ ಮೇಲೆ ಒತ್ತಿ ಹಿಡಿದರೆ ಜಾರಿದ ಬ್ಲೇಡು ಬೇಡವಾದ ತುಂಡಿನ ಕಡೆಗೇ ಹೋಗುತ್ತದೆ.

ಹೊಡೆಯಬಾರದ ಟಾರ್ಗೆಟ್ಟಿಗೆ, ಅಂದರೆ ನೋ-ಶೂಟಿಗೆ, ಒಂದು ಮುಖ ಬಿಳಿಯಾಗಿರಬೇಕು. ನೀರು ಬೆರೆಸಿದ ತೆಳು ಬಣ್ಣ ಹಚ್ಚಿದರೆ ಒಣಗುವಾಗ ಆ ಕಡೆಯ ಕಾಗದ ಕುಗ್ಗಿ ರಟ್ಟು ಬಿಲ್ಲಿನಂತೆ ಬಾಗುತ್ತದೆ. ನೀರು ಬೆರೆಸದ ಮ್ಯಾಟ್ ಎಮಲ್ಷನ್ನನ್ನು ರೋಲರಿನಿಂದ ತೆಳ್ಳಗೆ ಒಂದೇ ಕೈ ಹೊಡೆದು, ಕೈಗೆ ಅಂಟದಷ್ಟು ಆರಿದ ಮೇಲೆ ಸಮತಟ್ಟು ಹಲಗೆಯ ಕೆಳಗೆ ಭಾರ ಹೇರಿ ಇಡಿ. ಹೊಳೆಯುವ ಬಣ್ಣ ಬೇಡ, ಗುಂಡು ತಾಗಿದಲ್ಲಿ ಅದು ಚಕ್ಕೆಯಾಗಿ ಎದ್ದು ತೂತಿನ ಅಂಚನ್ನು ಮುಚ್ಚುತ್ತದೆ.

ಇನ್ನು ಬುಡ. ಇದಕ್ಕೆ 38 x 89 ಮಿ.ಮೀ. ಮೆದು ಮರ ಬೇಕು: ಪಾದಕ್ಕೆ 60 ಸೆಂ.ಮೀ. ಉದ್ದದ ಎರಡು ತುಂಡು, ಅಡ್ಡಪಟ್ಟಿಗೆ 50 ಸೆಂ.ಮೀ. ಉದ್ದದ ಎರಡು. ಪಾದಗಳು ಮಲಗಿರುತ್ತವೆ, ಶೂಟರ್ ಕಡೆಯಿಂದ ಹಿಂದಕ್ಕೆ ಚಾಚಿರುತ್ತವೆ. ಅಡ್ಡಪಟ್ಟಿಗಳು ಪಾದಗಳ ನಟ್ಟನಡುವೆ, ಅಂಚಿನ ಮೇಲೆ, 22 ಮಿ.ಮೀ. ಸಂದು ಬಿಟ್ಟು ನಿಲ್ಲುತ್ತವೆ. ಸಂದಿನೊಳಗೆ 22 ಮಿ.ಮೀ. ದಪ್ಪದ ತುಂಡುಗಳನ್ನು ಸೇರಿಸಿ ಎರಡು ಗೂಡು ಮಾಡಬೇಕು. ನಡುವಿನ ತುಂಡು 36 ಸೆಂ.ಮೀ., ಅದರ ಎರಡು ಕಡೆ 4.1 ಸೆಂ.ಮೀ.ನ ಗೂಡು, ತುದಿಗಳಲ್ಲಿ 2.9 ಸೆಂ.ಮೀ.ನ ತುಂಡು. 19 x 38 ಮಿ.ಮೀ. ರೀಪು ಈ ಗೂಡಿನಲ್ಲಿ ಕೂತಾಗ ಎರಡು ರೀಪುಗಳ ಹೊರ ಅಂಚಿನ ನಡುವೆ ಸುಮಾರು 44 ಸೆಂ.ಮೀ. ಬರುತ್ತದೆ. ಟಾರ್ಗೆಟ್ಟಿನ ಅಂಚು ರೀಪನ್ನು ಮುಚ್ಚುತ್ತದೆ, ನಡುವಿನ 36 ಸೆಂ.ಮೀ. ಹಿಂದೆ ಮರವೇ ಇರುವುದಿಲ್ಲ. ಹೆಚ್ಚು ಗುಂಡು ಬೀಳುವ ಜಾಗ ಅದೇ ತಾನೆ.

ಜೋಡಣೆಗೆ 75 ಮಿ.ಮೀ. ಸ್ಕ್ರೂ ಎಂಟು, ಪ್ರತಿ ಕೂಡಿಕೆಗೆ ಎರಡು. ಎಲ್ಲವನ್ನೂ ಪಾದದ ಕೆಳಗಿನಿಂದ ಮೇಲಕ್ಕೆ ಹಾಕುತ್ತೇನೆ. ಶೂಟರಿಗೆ ಎದುರಾಗಿ ಒಂದೂ ಲೋಹದ ತಲೆ ಇರಬಾರದು. ಮೊದಲು 3 ಮಿ.ಮೀ. ತೂತು ಕೊರೆಯದಿದ್ದರೆ ಪಟ್ಟಿಯ ತುದಿ ಸೀಳುವುದು ಖಂಡಿತ. ಪ್ರತಿ ಗೂಡಿನ ತಳದಲ್ಲಿ ಪಾದಕ್ಕೆ 12 ಮಿ.ಮೀ. ತೂತು ಹಾಕಿ ನೀರಿಗೆ ದಾರಿ ಮಾಡಿ. ಇಲ್ಲದಿದ್ದರೆ ರೀಪಿನ ಬುಡ ಮಳೆನೀರು ಕುಡಿದು ಊದಿಕೊಂಡು ಗೂಡಿನಲ್ಲೇ ಕಚ್ಚಿಕೊಳ್ಳುತ್ತದೆ, ಎಷ್ಟು ಎಳೆದರೂ ಬರುವುದಿಲ್ಲ.

ಕಬ್ಬಿಣದ ಆಂಗಲ್ ವೆಲ್ಡ್ ಮಾಡಿದ ಸ್ಟ್ಯಾಂಡ್ ಬಾಳಿಕೆ ಬರುತ್ತದೆ ಎಂಬುದು ನಿಜ. ಆದರೆ ಅದರ ಚಪ್ಪಟೆ ಮುಖಕ್ಕೋ ಅಂಚಿಗೋ ಬಡಿದ ಗುಂಡಿನ ಚೂರು ಯಾವ ಕಡೆ ಹಾರುತ್ತದೋ ಹೇಳಲಾಗದು. ಐಪಿಎಸ್‌ಸಿಯಲ್ಲಿ ಲೋಹದ ಟಾರ್ಗೆಟ್ಟಿಗೆ 7 ಮೀಟರಿಗಿಂತ ಹತ್ತಿರದಿಂದ ಹೊಡೆಯುವಂತಿಲ್ಲ. ರಟ್ಟಿನ ಟಾರ್ಗೆಟ್ಟಿಗೆ 3 ಮೀಟರಿನಿಂದಲೂ ಹೊಡೆಯುತ್ತೇವೆ. ಅಷ್ಟು ಹತ್ತಿರದಲ್ಲಿ ಟಾರ್ಗೆಟ್ಟಿನ ಕೆಳಗೆ ಕಬ್ಬಿಣ ಇರುವುದು ನನಗೆ ಒಪ್ಪಿಗೆಯಿಲ್ಲ. ಕಬ್ಬಿಣದ ಬುಡವೇ ಬೇಕೆಂದರೆ ಅದರ ಮುಂದೆ ಮರಳು ಚೀಲ ಅಡ್ಡ ಇಡಿ. ಚೀಲಕ್ಕೆ ಜರಡಿ ಹಿಡಿದ ಮರಳನ್ನೇ ತುಂಬಿ, ಜಲ್ಲಿ ಸೇರಿದ್ದರೆ ಅದೂ ಕಬ್ಬಿಣದಷ್ಟೇ ಕೆಟ್ಟದ್ದು.

ರೀಪಿನ ಉದ್ದ 1.5 ಮೀಟರ್. ಗಂಟಿಲ್ಲದ ಮರ ಆರಿಸಿಕೊಳ್ಳಿ, ಗಂಟಿಗೆ ಗುಂಡು ಬಿದ್ದರೆ ರೀಪು ಅಲ್ಲಿಯೇ ಮುರಿಯುತ್ತದೆ. ಟಾರ್ಗೆಟ್ಟಿನ ಮೇಲ್ಮೂಲೆ ಓರೆಯಾಗಲು ಶುರುವಾಗುವಲ್ಲಿಗೆ ರೀಪಿನ ತುದಿ ಮುಗಿಯಬೇಕು. ಅದಕ್ಕಿಂತ ಮೇಲೆ ಇಣುಕಿದರೆ ಕಣ್ಣು ಅಲ್ಲಿಗೆ ಹೋಗುತ್ತದೆ, ಹಿಂದೆಯೇ ಗುಂಡೂ ಹೋಗುತ್ತದೆ. ಹೀಗೆ ಕಟ್ಟಿದರೆ ಟಾರ್ಗೆಟ್ಟಿನ ನಡು ನೆಲದಿಂದ ಸುಮಾರು 1.35ರಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ.

ಗೂಡು ರೀಪಿಗಿಂತ 3 ಮಿ.ಮೀ. ದೊಡ್ಡದಿರುವುದು ಬೇಕೆಂದೇ ಮಾಡಿದ್ದು, ಒದ್ದೆಯಾದ ರೀಪು ಸಲೀಸಾಗಿ ಹೊರಬರಲಿ ಎಂದು. ಆದರೆ 89 ಮಿ.ಮೀ. ಆಳದ ಗೂಡಿನಲ್ಲಿ 3 ಮಿ.ಮೀ. ಸಡಿಲವೆಂದರೆ ಒಂದೂವರೆ ಮೀಟರ್ ಮೇಲೆ 5 ಸೆಂ.ಮೀ. ಓಲಾಟ. ಅದಕ್ಕೇ ಪ್ರತಿ ಗೂಡಿಗೂ ಒಂದೊಂದು ಬೆಣೆ ಬೇಕು: 10 ಸೆಂ.ಮೀ. ಉದ್ದ, ಒಂದು ತುದಿ 1 ಮಿ.ಮೀ., ಇನ್ನೊಂದು 6 ಮಿ.ಮೀ. ಅಂಗೈಯಿಂದ ಒತ್ತಿದರೆ ಸಾಕು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಬೆಣೆ ಅಡ್ಡಪಟ್ಟಿಗಳನ್ನು ಅಗಲಿಸಿ ಸ್ಕ್ರೂಗಳನ್ನು ಸಡಿಲಿಸುತ್ತದೆ.

ಗಾಳಿಯ ಬಲವನ್ನು ಕಡಿಮೆ ಅಂದಾಜು ಮಾಡುವವರೇ ಹೆಚ್ಚು. ಟಾರ್ಗೆಟ್ಟಿನ ಮುಖ ಹತ್ತಿರಹತ್ತಿರ ಕಾಲು ಚದರ ಮೀಟರ್. ಗಂಟೆಗೆ 36 ಕಿ.ಮೀ. ಗಾಳಿ ನೇರವಾಗಿ ಬೀಸಿದರೆ ಅದರ ಮೇಲೆ ಸುಮಾರು 1.8 ಕೆ.ಜಿ. ತೂಕದಷ್ಟು ಒತ್ತಡ ಬೀಳುತ್ತದೆ. ಅದು 1.4 ಮೀಟರ್ ಎತ್ತರದಲ್ಲಿ ತಳ್ಳುತ್ತದೆ. ಮರದ ಸ್ಟ್ಯಾಂಡಿನ ಸ್ವಂತ ತೂಕ ಐದು ಕೆ.ಜಿ. ಆಸುಪಾಸು, ಅದು ಎದುರು ಹಿಡಿಯುವುದು ಪಾದದ ಅರ್ಧ, ಅಂದರೆ 30 ಸೆಂ.ಮೀ. ದೂರದಲ್ಲಿ ಮಾತ್ರ. ಹಾಗಾಗಿ ಬರಿಯ ಸ್ಟ್ಯಾಂಡ್ ಮಗುಚುತ್ತದೆ. ಗಾಳಿ ಬರುವ ಕಡೆಯ ಪಾದಗಳ ಮೇಲೆ, ನಡುವಿನಿಂದ ಒಂದು ಗೇಣು ಆಚೆ, ಒಟ್ಟು 8 ಕೆ.ಜಿ. ಮರಳು ಹೇರಿದರೆ ಮಗುಚಲು ಬೇಕಾದುದರ ಎರಡರಷ್ಟು ತಡೆ ಸಿಗುತ್ತದೆ. ಅದೇ ಚೀಲವನ್ನು ಗಾಳಿ ಹೋಗುವ ಕಡೆ ಇಟ್ಟರೆ ಇಟ್ಟೂ ಉಪಯೋಗವಿಲ್ಲ. ಎಷ್ಟೋ ರೇಂಜುಗಳಲ್ಲಿ ಚೀಲ ಇದ್ದೂ ಸ್ಟ್ಯಾಂಡ್ ಬೀಳುವುದಕ್ಕೆ ಇದೇ ಕಾರಣ.

ರಟ್ಟನ್ನು ರೀಪಿಗೆ ಹೊಡೆಯಲು ಗನ್ ಸ್ಟೇಪ್ಲರ್, 8ರಿಂದ 10 ಮಿ.ಮೀ. ಕಾಲಿನ ಪಿನ್ನು. ಬದಿಗೆ ಎರಡರಂತೆ ನಾಲ್ಕು ಸಾಕು, ಗಾಳಿಯಿದ್ದರೆ ಆರು. ಪಿನ್ನು ಅಡ್ಡ ಬೀಳಬೇಕು. ಸುಕ್ಕಿನ ದಿಕ್ಕಿಗೆ ಸಮನಾಗಿ ಬಿದ್ದ ಪಿನ್ನು ತೋಡಿನೊಳಗೆ ಇಳಿದು ಕಾಗದವನ್ನು ಹರಿದುಕೊಂಡು ಬಂದುಬಿಡುತ್ತದೆ. ರಟ್ಟು ಬದಲಿಸುವಾಗ ಹಳೆಯ ಪಿನ್ನುಗಳನ್ನು ಕಿತ್ತೇ ಹೊಸದು ಹಾಕಿ. ಬಿಟ್ಟ ಪಿನ್ನಿನ ಮೇಲೆ ರಟ್ಟು ಎದ್ದು ನಿಲ್ಲುತ್ತದೆ, ರೀಪು ಬದಲಿಸುವ ಕೈಗೂ ಚುಚ್ಚುತ್ತದೆ. ಗುಂಡು ತಿಂದ ರೀಪನ್ನು ತಲೆಕೆಳಗು ಮಾಡಿದರೆ ಇನ್ನೊಂದು ಸುತ್ತು ಬರುತ್ತದೆ. ಆಮೇಲೆ ಹಾಳಾದ ಭಾಗ ಕತ್ತರಿಸಿ ತಗ್ಗಿನ ಟಾರ್ಗೆಟ್ಟಿಗೆ ಬಳಸಿ.

ತಗ್ಗಿನ ಟಾರ್ಗೆಟ್ ಇಡುವಾಗ ಒಂದು ಲೆಕ್ಕ ತಪ್ಪಬಾರದು. ಪಿಸ್ತೂಲು 1.4 ಮೀಟರ್ ಎತ್ತರದಲ್ಲಿ, ಟಾರ್ಗೆಟ್ಟಿನ ನಡು 70 ಸೆಂ.ಮೀ. ಎತ್ತರದಲ್ಲಿ, ನಡುವಿನ ದೂರ 5 ಮೀಟರ್ ಎಂದಿಟ್ಟುಕೊಳ್ಳಿ. ರಟ್ಟು ದಾಟಿದ ಗುಂಡು ಇನ್ನೂ 5 ಮೀಟರ್ ಹೋಗಿ ನೆಲಕ್ಕೆ ತಾಗುತ್ತದೆ. ಮಣ್ಣಿನ ದಿಬ್ಬ ಅದಕ್ಕಿಂತ ಹಿಂದಿದ್ದರೆ ಗುಂಡು ಗಟ್ಟಿ ನೆಲದಿಂದ ಪುಟಿದು ದಿಬ್ಬವನ್ನೇ ಹಾರಬಹುದು. ಆದ್ದರಿಂದ ಟಾರ್ಗೆಟ್ಟುಗಳನ್ನು ದಿಬ್ಬದ ಬುಡಕ್ಕೇ ತಂದು ನಿಲ್ಲಿಸಿ, ದೂರ ಬೇಕಿದ್ದರೆ ಶೂಟರ್ ಹಿಂದೆ ಸರಿಯಲಿ. ಸ್ಟ್ಯಾಂಡ್ ಇಟ್ಟ ಮೇಲೆ ಶೂಟರ್ ನಿಲ್ಲುವ ಪ್ರತಿ ಜಾಗದಿಂದಲೂ ಟಾರ್ಗೆಟ್ಟಿನ ಮೇಲಂಚು, ಕೆಳಂಚು ಎರಡರ ಮೂಲಕ ನೋಡಿ. ಹಿಂದೆ ದಿಬ್ಬವೇ ಕಾಣಬೇಕು.

ತೇಪೆಗೆ 24 ಮಿ.ಮೀ. ಮಾಸ್ಕಿಂಗ್ ಟೇಪಿನ ಚೌಕಗಳು ಒಳ್ಳೆಯವು. ಪ್ಯಾಕಿಂಗ್ ಟೇಪು ಬಿಸಿಲಿಗೆ ಹೊಳೆಯುತ್ತದೆ, ಗುಂಡು ತಾಗಿದಾಗ ಸೀಳಿಕೊಂಡು ತೂತಿನ ಆಕಾರ ಕೆಡಿಸುತ್ತದೆ. ಅಂಟಿಸುವ ಮೊದಲು ಎದ್ದ ನಾರನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ. ಉರುಟು ಮೂತಿಯ ಗುಂಡು ರಟ್ಟನ್ನು ಕತ್ತರಿಸುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ. ಹಾಗಾಗಿ 9 ಮಿ.ಮೀ. ಗುಂಡಿನ ತೂತು ಗುಂಡಿಗಿಂತ ತುಸು ಚಿಕ್ಕದಾಗಿ ಕಾಣುತ್ತದೆ, ಸುತ್ತ ಮಸಿಯ ಬಳೆಯೊಂದು ಉಳಿಯುತ್ತದೆ. ಗೆರೆಗೆ ತಾಗಿತೋ ಇಲ್ಲವೋ ಎಂಬುದನ್ನು ಆ ಬಳೆಯಿಂದ ಓದಬೇಕು. ಗೆರೆಗೆ ತಾಗಿದರೆ ಹೆಚ್ಚಿನ ವಲಯದ ಅಂಕ. ಮೈನರ್ ಲೆಕ್ಕದಲ್ಲಿ, ಅಂದರೆ ಕಡಿಮೆ ಶಕ್ತಿಯ ಗುಂಡುಗಳ ಲೆಕ್ಕದಲ್ಲಿ, ಎ ವಲಯಕ್ಕೆ 5, ಸಿಗೆ 3, ಡಿಗೆ 1. ಒಂದು ಕೂದಲೆಳೆಗೆ ಎರಡು ಅಂಕದ ವ್ಯತ್ಯಾಸ.

ಎ ವಲಯದಲ್ಲಿ ತೇಪೆಯ ಮೇಲೆ ತೇಪೆ ಬಿದ್ದಾಗ ಹಿಂದಿನ ರಟ್ಟು ಪೊಳ್ಳಾಗುತ್ತದೆ. ಆಗ ಹೊಸ ಗುಂಡು ಹರಿದುಕೊಂಡು ಹೋಗುತ್ತದೆ, ಬಳೆ ಮೂಡುವುದಿಲ್ಲ, ಒಂದೇ ತೂತಿನಲ್ಲಿ ಎರಡು ಹೋದವೋ ಒಂದು ತಪ್ಪಿತೋ ತಿಳಿಯದು. ಪೊಳ್ಳು ಅಂಗೈಯಷ್ಟಾದರೆ ನಾನು ತೇಪೆ ನಿಲ್ಲಿಸುತ್ತೇನೆ. ಕತ್ತರಿಸಿ ಉಳಿದ ರಟ್ಟಿನಿಂದ 20 x 30 ಸೆಂ.ಮೀ. ತುಂಡನ್ನು ಸುಕ್ಕಿನ ದಿಕ್ಕು ಹೊಂದಿಸಿ ಹಿಂಬದಿಗೆ ಬಿಳಿ ಅಂಟಿನಿಂದ ಅಂಟಿಸಿ, ಮುಂದೆ ಹೊಸದಾಗಿ ತೇಪೆ ಹಾಕಿದರೆ ಅದೇ ಟಾರ್ಗೆಟ್ ಮತ್ತೆ ಓದಲು ಬರುತ್ತದೆ. ಎರಡನೇ ಸಲ ಪೊಳ್ಳಾದರೆ ಬಿಸಾಡಿ.

ಮಳೆಯಲ್ಲಿ ತೆಳು ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಮೇಲಿಂದ ಇಳಿಸಿ, ಬಾಯಿ ಕೆಳಗಿರಲಿ. ಚೀಲ ಬಿಗಿಯಾಗಿದ್ದಷ್ಟೂ ತೂತು ಸ್ಪಷ್ಟ. ತೇಪೆಯನ್ನು ಚೀಲ ಎತ್ತಿ ರಟ್ಟಿನ ಮೇಲೇ ಹಾಕಬೇಕು, ಒದ್ದೆ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದಿಲ್ಲ. ಹೊಸ ರಟ್ಟುಗಳನ್ನು ಗೋಡೆಗೆ ಒರಗಿಸದೆ ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಮಲಗಿಸಿಡಿ. ಒರಗಿಸಿಟ್ಟಾಗ ಬಂದ ಬಾಗು ಪಿನ್ನು ಹೊಡೆದರೂ ಹೋಗುವುದಿಲ್ಲ.

ರೇಂಜ್ ಚಿಕ್ಕದಿದ್ದರೆ ಅರ್ಧ ಅಳತೆಯ ಟಾರ್ಗೆಟ್ ಕತ್ತರಿಸಿ 7 ಮೀಟರಿನಲ್ಲಿಟ್ಟರೆ 14 ಮೀಟರಿನ ನೋಟ ಸಿಗುತ್ತದೆ. ಆದರೆ ಗುಂಡಿನ ತೂತು ಅರ್ಧವಾಗುವುದಿಲ್ಲ, ಗೆರೆಗೆ ತಾಗಿದ ಗುಂಡುಗಳು ಹೆಚ್ಚು ಸಿಗುತ್ತವೆ. ಆ ಟಾರ್ಗೆಟ್ಟಿನಲ್ಲಿ ತೂತಿನ ನಡು ಗೆರೆಯ ಒಳಗಿದ್ದರೆ ಮಾತ್ರ ಹೆಚ್ಚಿನ ಅಂಕ ಎಂದು ಎಣಿಸಿಕೊಳ್ಳುತ್ತೇನೆ.