ಸಿರುಗುಪ್ಪದಲ್ಲಿ ಡ್ರೋನ್‌ಗೆ ಬ್ಯಾನರ್ ಕಟ್ಟಿ ಹಾರಿಸಿದ ನನ್ನ ಅನುಭವ

ಡ್ರೋನ್‌ಗೆ ಬ್ಯಾನರ್ ಕಟ್ಟಿದರೆ ಪೊಲೀಸರು ಎತ್ತಿಕೊಂಡು ಹೋಗುತ್ತಾರೆ ಅಂತ ಬಳ್ಳಾರಿಯ ನಮ್ಮ ಫ್ಲೆಕ್ಸ್ ಅಂಗಡಿಯವರೆಲ್ಲ ಎರಡು ವರ್ಷ ಹೇಳಿದರು. ಹೋದ ತಿಂಗಳು ಸಿರುಗುಪ್ಪದ ಹೊರಗೆ ಒಂದು ಟ್ರ್ಯಾಕ್ಟರ್ ಶೋರೂಮ್ ಓಪನಿಂಗ್‌ಗೆ ಮೂರು ದಿನ ಹಾರಿಸಿದೆ. ಠಾಣೆಯವರು ಬಂದರು, ಕಾಗದ ನೋಡಿದರು, ಬ್ಯಾನರ್ ಫೋಟೋ ತೆಗೆದುಕೊಂಡು ಹೋದರು. ಅಷ್ಟೇ.

ಮೊದಲು ಜಾಗ ನೋಡಿ, ಆಮೇಲೆ ಅಡ್ವಾನ್ಸ್ ತಗೊಳ್ಳಿ. ನಾನು ಉಲ್ಟಾ ಮಾಡಿದ್ದೆ. ತೋರಣಗಲ್ಲಿನ ಆರ್ಡರ್‌ಗೆ ಹತ್ತು ಸಾವಿರ ತಗೊಂಡೆ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ಹಸಿರು, ಕೆಂಪು ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದರೆ ಆ ಹೊಲ ಏರ್‌ಪೋರ್ಟ್ ಬೇಲಿಯಿಂದ ಆರು ಕಿ.ಮೀ. ಅಷ್ಟೇ, ದುಡ್ಡು ವಾಪಸ್ ಕೊಟ್ಟೆ. 2021ರ ಡ್ರೋನ್ ನಿಯಮದಲ್ಲಿ ಬೇಲಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ, ಅದರಾಚೆ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಪರ್ಮಿಷನ್ನೇ ಬೇಡ. ಸಿರುಗುಪ್ಪ ಹಸಿರು. ಆದರೆ ಹಾರಿಸುವ ದಿನ ಬೆಳಿಗ್ಗೆ ನಕ್ಷೆ ಮತ್ತೆ ನೋಡಲೇಬೇಕು. ರಾಜ್ಯ ಸರ್ಕಾರ, ಪೊಲೀಸರು 96 ಗಂಟೆವರೆಗೆ ಯಾವ ಜಾಗವನ್ನಾದರೂ ಕೆಂಪು ಮಾಡಬಹುದು. ಯಾರೋ ದೊಡ್ಡವರು ಬರುತ್ತಾರೆ ಅಂತ ನಮಗೂ ಹಾಗೇ ಆಗಿ ಎರಡು ದಿನ ಮುಂದೆ ಹಾಕಿದೆವು, ಹುಡುಗರ ಕೂಲಿ ಮೂರು ಸಾವಿರ ಸುಮ್ನೆ ಹೋಯಿತು.

ತೂಕದಲ್ಲಿ ಜಾಸ್ತಿ ಪೆಟ್ಟು ತಿಂದೆ. ನಿಯಮದಲ್ಲಿ ಡ್ರೋನ್ 2 ಕೆ.ಜಿ. ಒಳಗಿದ್ದರೆ ಮೈಕ್ರೋ ವರ್ಗ, ದಾಟಿದರೆ ಸ್ಮಾಲ್ ವರ್ಗ, ಮತ್ತು ಬ್ಯಾನರ್ ತೂಕವೂ ಲೆಕ್ಕಕ್ಕೆ ಸೇರುತ್ತದೆ. ಮದುವೆ ಶೂಟಿಂಗ್‌ನ ನನ್ನ ಡ್ರೋನ್ ಹೆಚ್ಚುಕಮ್ಮಿ 1.4 ಕೆ.ಜಿ. ಅದಕ್ಕೆ ನಾಲ್ಕು ಅಡಿಗೆ ಆರು ಅಡಿಯ ಒಂದು ಫ್ಲೆಕ್ಸ್, ಕೆಳಗೊಂದು ಪೈಪ್ ಕಟ್ಟಿದೆ, 2 ದಾಟಿತು. ಟ್ರಯಲ್‌ಗೆ ನಮ್ಮದೇ ಹೊಲದಲ್ಲಿ ಎಬ್ಬಿಸಿದರೆ ಫ್ಲೆಕ್ಸ್ ಗಾಳಿ ಹಿಡಿದು ಡ್ರೋನ್ ಭತ್ತದ ಗದ್ದೆಯ ನೀರಿಗೆ ಬಿತ್ತು. ರಿಪೇರಿ ಹದಿನೆಂಟು ಸಾವಿರ. ಆಮೇಲೆ ತೆಳು ಪಾಲಿಯೆಸ್ಟರ್ ಬಟ್ಟೆಗೆ ಬಂದೆ, ಅದು ಕಾಲು ಕೆ.ಜಿ. ಬಟ್ಟೆಯಲ್ಲಿ ಎಲ್ಲಿ ತೂತು ಮಾಡಿದೆ, ದಾರಕ್ಕೆ ಯಾವ ಗಂಟು ಹಾಕಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಖರ್ಚು ಬಾಯಿಲೆಕ್ಕ: ರಿಮೋಟ್ ಪೈಲಟ್ ತರಬೇತಿಗೆ ನಲವತ್ತೈದು ಸಾವಿರ, ನೋಂದಣಿ ಸಂಖ್ಯೆಗೆ ನೂರು ರೂಪಾಯಿ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇರೆ. ಶೋಕಿಗೆ ಹಾರಿಸುವ ಮೈಕ್ರೋಗೆ ಪೈಲಟ್ ಸರ್ಟಿಫಿಕೇಟ್ ಬೇಡ. ದುಡ್ಡಿಗೆ ಹಾರಿಸಿದರೆ ಬೇಕೇ ಬೇಕು. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ, ದಂಡ ಒಂದು ಲಕ್ಷದವರೆಗೆ ಬೀಳಬಹುದು.

ನಡುವೆ ಪ್ಯಾರಾಮೋಟರ್‌ನವರೊಬ್ಬರು (ಬೆನ್ನಿಗೆ ಮೋಟರ್ ಕಟ್ಟಿಕೊಂಡು ಪ್ಯಾರಾಚೂಟ್‌ನಂಥದರಲ್ಲಿ ಹಾರುವವರು) "ಅಣ್ಣಾ, ಮೇಲಿಂದ ಪಾಂಪ್ಲೆಟ್ ಉದುರಿಸೋಣ" ಅಂದರು. ಐದು ಸಾವಿರ ಪ್ರಿಂಟೂ ಹೊಡೆಸಿಬಿಟ್ಟೆ. ಆಮೇಲೆ ಓದಿದರೆ 1937ರ ವಿಮಾನ ನಿಯಮ 26 ಅಡ್ಡ ಬಂತು, ಹಾರುತ್ತಿರುವಾಗ ಅನುಮತಿ ಇಲ್ಲದೆ ಏನನ್ನೂ ಕೆಳಗೆ ಬೀಳಿಸುವಂತಿಲ್ಲ. ಆ ಪಾಂಪ್ಲೆಟ್‌ಗಳನ್ನು ಸಂತೆಯಲ್ಲಿ ಕೈಯಲ್ಲೇ ಹಂಚಿಸಿದೆ.

ದಿನಕ್ಕೆ ಹನ್ನೆರಡು ಸಾವಿರದಂತೆ ಬಿಲ್ ಮಾಡಿದೆ. ಹಾಕಿದ ದುಡ್ಡು ಇನ್ನೂ ಪೂರ್ತಿ ಬಂದಿಲ್ಲ, ಆದರೆ ಮೂರನೇ ದಿನವೇ ಸಿಂಧನೂರಿನ ಒಂದು ಬೀಜದಂಗಡಿಯವರು ಫೋನ್ ಮಾಡಿದರು. ಈ ಸಲ ಅಡ್ವಾನ್ಸ್‌ಗೆ ಮುಂಚೆ ನಕ್ಷೆ ನೋಡಿದ್ದೇನೆ. ಹಸಿರಿದೆ.