ಸ್ಟ್ಯಾಟಿಕ್ ಐಪಿ ಇಲ್ಲದೇ ಪ್ಯಾಸಿವ್ ಚೆಕ್: ಶಿರಸಿಯಲ್ಲಿ ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಸೊಸೈಟಿ ಶಾಖೆಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಜಾಸ್ತಿ ಕಡೆ ಇರುವುದು 4ಜಿ ರೂಟರ್. ಅದೆಲ್ಲ ಸಿಜಿನ್ಯಾಟ್ ಹಿಂದೆ, ಅಂದರೆ ಕಂಪನಿ ಒಂದೇ ಐಪಿ ವಿಳಾಸವನ್ನು ಹಲವರಿಗೆ ಹಂಚಿರುತ್ತದೆ. ಹೊರಗಿನಿಂದ ನಾಗಿಯೋಸ್ (ಸರ್ವರ್‌ಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್) ಹೋಗಿ ಬಾಗಿಲು ತಟ್ಟಲು ದಾರಿಯೇ ಇಲ್ಲ.

"ಸ್ಟ್ಯಾಟಿಕ್ ಐಪಿ ತಗೊಳ್ಳದೇ ಇದೆಲ್ಲ ಆಗ್ತದಾ ಮಾರಾಯಾ?" ಎಂದು ಜೊತೆಯವರು ಕೇಳಿದರು. ಸ್ಟ್ಯಾಟಿಕ್ ಐಪಿ ಅಂದರೆ ಬದಲಾಗದ ಸ್ವಂತ ಇಂಟರ್ನೆಟ್ ವಿಳಾಸ; ಅದಕ್ಕೆ ಶಾಖೆಗೆ ತಿಂಗಳಿಗೆ ಆರೇಳುನೂರು ಹೆಚ್ಚಿಗೆ ಬೀಳುತ್ತಿತ್ತು. ಹದಿನೈದು ಶಾಖೆ ಅಂದರೆ ವರ್ಷಕ್ಕೆ ಲಕ್ಷದ ಮೇಲಾಯಿತು. ಅಡಿಕೆ ದರ ಇಳಿದ ವರ್ಷ ಆಡಳಿತ ಮಂಡಳಿ ಇದಕ್ಕೆ ಒಪ್ಪುತ್ತದಾ?

ಮೊದಲು ವಿಪಿಎನ್ ಹಾಕಿದೆ, ಶಾಖೆಯಿಂದ ನನ್ನವರೆಗೆ ಒಂದು ಖಾಸಗಿ ಸುರಂಗ (ಟನಲ್). ಬೇಸಿಗೆಯಲ್ಲಿ ಚೆನ್ನಾಗಿತ್ತು. ಜೂನ್ ಬಂದ ಮೇಲೆ ಕರೆಂಟು ಹೋದಾಗಲೆಲ್ಲ ಟನಲ್ ಬಿತ್ತು, ಟನಲ್ ಬಿದ್ದಾಗಲೆಲ್ಲ ಎಸ್‌ಎಂಎಸ್ ಬಂತು. ದುಡ್ಡು ಹೋದದ್ದು ಐನೂರರ ಆಸುಪಾಸು, ಅದು ದೊಡ್ಡದಲ್ಲ. ಜನ ಎಸ್‌ಎಂಎಸ್ ಓದುವುದನ್ನೇ ಬಿಟ್ಟರು. ಒಂದು ಶಾಖೆಯಲ್ಲಿ ಡಿಸ್ಕ್ ನಿಜವಾಗಿ ತುಂಬಿದಾಗ ಯಾರೂ ನೋಡಲಿಲ್ಲ.

ಆಮೇಲೆ ದಿಕ್ಕನ್ನೇ ತಿರುಗಿಸಿದೆ. ಶಾಖೆಯ ಮೆಷಿನ್ನೇ ಐದು ನಿಮಿಷಕ್ಕೊಮ್ಮೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಪ್ಲಗಿನ್ (ಡಿಸ್ಕ್‌ನಂಥದ್ದನ್ನು ಪರೀಕ್ಷಿಸುವ ಸಣ್ಣ ಪ್ರೋಗ್ರಾಂ) ಓಡಿಸಿ, ಎನ್‌ಎಸ್‌ಸಿಎ (ನಾಗಿಯೋಸ್‌ಗೆ ಫಲಿತಾಂಶ ತಲುಪಿಸುವ ಪ್ರೋಗ್ರಾಂ) ಮೂಲಕ ನನ್ನ ವಿಪಿಎಸ್‌ನ (ಬಾಡಿಗೆ ಸರ್ವರ್) 5667 ಪೋರ್ಟಿಗೆ ಫಲಿತಾಂಶ ಕಳಿಸುತ್ತದೆ. ನಾಗಿಯೋಸ್ ತಾನೇ ಹೋಗಿ ಕೇಳಿದರೆ ಆಕ್ಟಿವ್ ಚೆಕ್, ಹೀಗೆ ತಾನಾಗಿ ಬಂದದ್ದನ್ನು ತೆಗೆದುಕೊಂಡರೆ ಪ್ಯಾಸಿವ್ ಚೆಕ್. ವಿಪಿಎಸ್‌ಗೆ ತಿಂಗಳಿಗೆ ಐನೂರು ಚಿಲ್ಲರೆ, ಅಷ್ಟೇ.

ಸುಲಭಕ್ಕೆ ಆಗಲಿಲ್ಲ. ಹೋಸ್ಟ್ (ಮೆಷಿನ್) ಹೆಸರು, ಸರ್ವಿಸ್ (ಪರೀಕ್ಷಿಸುವ ವಿಷಯ) ಹೆಸರು ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇಲ್ಲದಿದ್ದರೆ ಪರದೆ ಮೇಲೆ ಏನೂ ಕಾಣದು, ಲಾಗ್‌ನಲ್ಲಿ ಮಾತ್ರ ಎಚ್ಚರಿಕೆ ಬೀಳುತ್ತದೆ. ಎನ್‌ಕ್ರಿಪ್ಷನ್ ವಿಧಾನ ಎರಡೂ ಕಡೆ ಒಂದೇ ಇರಬೇಕು. ಕಳಿಸುವ ಸಾಲಿನಲ್ಲಿ ಕಾಲಂ ನಡುವೆ ಟ್ಯಾಬ್ ಇರಬೇಕು. ಇದನ್ನೆಲ್ಲ ಸರಿ ಮಾಡುವಷ್ಟರಲ್ಲಿ ವಾರಗಳೇ ಹೋದವು.

ನಿಜವಾದ ತಲೆಬಿಸಿ ಬೇರೆ. ಶಾಖೆ ಸುಮ್ನೆ ಆದರೆ ಪರದೆ ಮೇಲೆ ಹಳೆಯ ಹಸಿರು (ಎಲ್ಲ ಸರಿ ಎಂಬ ಗುರುತು) ಹಾಗೇ ಉಳಿಯುತ್ತದೆ! ಅದಕ್ಕೇ ಕೊನೆಯ ಫಲಿತಾಂಶ ಎಷ್ಟು ಹಳೆಯದು ಎಂದು ನೋಡುವ ಫ್ರೆಶ್‌ನೆಸ್ ಚೆಕ್ ಬೇಕೇ ಬೇಕು. ಮಿತಿ 900 ಸೆಕೆಂಡ್ ಇಟ್ಟೆ. ಅದು ದಾಟಿದರೆ ಆಕ್ಟಿವ್ ಚೆಕ್ ಆಫ್ ಇದ್ದರೂ ನಾಗಿಯೋಸ್ ತಾನೇ ಚೆಕ್ ಕಮಾಂಡ್ ಓಡಿಸುತ್ತದೆ. ಅಲ್ಲಿ ಚೆಕ್ ಡಮ್ಮಿ ಇಟ್ಟಿದ್ದೇನೆ, ಅದು ಏನನ್ನೂ ಪರೀಕ್ಷಿಸದೇ ನಾವು ಕೊಟ್ಟ ಸ್ಥಿತಿಯನ್ನೇ ಹೇಳುತ್ತದೆ. ಸಾಮಾನ್ಯವಾಗಿ ಅದಕ್ಕೆ 2 ಕೊಟ್ಟು ಕ್ರಿಟಿಕಲ್ (ಗಂಭೀರ) ಮಾಡುತ್ತಾರೆ. ನಾನು 3 ಕೊಟ್ಟು ಅನ್‌ನೋನ್ (ಗೊತ್ತಿಲ್ಲ) ಮಾಡಿದೆ, ಎಸ್‌ಎಂಎಸ್ ಕ್ರಿಟಿಕಲ್‌ಗೆ ಮಾತ್ರ. ನಮ್ಮ ಮಳೆಗಾಲಕ್ಕೆ ಇದೇ ಸರಿ. ಶಾಖೆ ಮಾತಾಡದೇ ಇರುವುದು ಬೇರೆ, ಡಿಸ್ಕ್ ಹೋಗಿರುವುದು ಬೇರೆ ಅಲ್ವಾ?

ಯುಪಿಎಸ್ ಬ್ಯಾಟರಿಗೆ ಬದಲಾದ ಕೂಡಲೇ ಒಂದು ಸಂದೇಶ ಹೋಗುತ್ತದೆ. ರೂಟರ್ ಕೂಡ ಅದೇ ಯುಪಿಎಸ್‌ನಲ್ಲಿದೆ. ಅದಾದ ಮೇಲೆ ಶಾಖೆ ಸುಮ್ಮನಾದರೆ ಕರೆಂಟು, ಅದಿಲ್ಲದೇ ಸುಮ್ಮನಾದರೆ ಲೈನು. ಇದನ್ನು ಸ್ಕ್ರಿಪ್ಟ್ ತಾನಾಗಿ ಹೇಗೆ ಬೇರೆ ಮಾಡುತ್ತದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ರಾತ್ರಿ ಬ್ಯಾಕಪ್‌ಗೆ ಪ್ಯಾಸಿವ್ ಚೆಕ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಕೆಲಸ ಮುಗಿದಾಗ ಅದೇ ಹೇಳುತ್ತದೆ. ಫ್ರೆಶ್‌ನೆಸ್ ಮಿತಿ 93600 ಸೆಕೆಂಡ್, ಅಂದರೆ 26 ಗಂಟೆ.

ನಡುವೆ ಕುಮಟಾದಲ್ಲಿ ಉಷ್ಣತೆ, ತೇವಾಂಶ ಅಳೆಯುವ ಒಂದು ಡಿಎಚ್‌ಟಿ22 ಸೆನ್ಸರ್ ಹಾಕಿ ನೋಡಿದೆ, ಮುನ್ನೂರರ ಒಳಗೇ ಸಿಕ್ಕಿತು. ಕರಾವಳಿ ಮಳೆಗಾಲದಲ್ಲಿ ತೇವಾಂಶ ಸದಾ ಮೇಲೇ. ಯಾವ ಮಿತಿ ಇಟ್ಟರೂ ದಿನವಿಡೀ ಹಳದಿ ಎಚ್ಚರಿಕೆ. ತೇವಾಂಶ ತೆಗೆದು ಉಷ್ಣತೆ ಮಾತ್ರ ಉಳಿಸಿದೆ.

ಈಗ ಸ್ಟ್ಯಾಟಿಕ್ ಐಪಿ ಬೇಕೆಂದವರೇ ನನ್ನ ಕಾನ್ಫಿಗ್ ಕೇಳುತ್ತಿದ್ದಾರೆ. ಒಂದು ಶಾಖೆಯಲ್ಲಿ ಮಾತ್ರ 5667 ಹೊರಗೆ ಹೋಗುವುದಿಲ್ಲ. ಅಲ್ಲಿ ಎನ್‌ಎಸ್‌ಸಿಎ ಬದಲು ವೆಬ್ ಮೂಲಕ ಫಲಿತಾಂಶ ಕಳಿಸುವ ಎನ್‌ಆರ್‌ಡಿಪಿ ಹಾಕಿದೆ, ವೆಬ್‌ನ ಪೋರ್ಟ್ 443ರಲ್ಲಿ ಆರಾಮಾಗಿ ಹೋಗುತ್ತದೆ. ದೀಪಾವಳಿಯೊಳಗೆ ಉಳಿದವನ್ನೂ ಅದಕ್ಕೇ ಬದಲಿಸುತ್ತೇನೆ.